ಮರಳು ಊರು ಹೇಳುತ್ತೆ, ನೀರು ವಯಸ್ಸು ಹೇಳುತ್ತೆ: ಸರಸ್ವತಿ ವಾದದ ನಡುವೆ ಐಸೋಟೋಪ್ ಸಾಕ್ಷಿ

2015ರ ಮೇ ತಿಂಗಳು. ಹರಿಯಾಣದ ಯಮುನಾನಗರ ಜಿಲ್ಲೆಯ ಮುಗಲ್‌ವಾಲಿ ಎಂಬ ಹಳ್ಳಿಯಲ್ಲಿ ಉದ್ಯೋಗ ಖಾತ್ರಿ ಕೂಲಿಕಾರರು ನೆಲ ಅಗೆಯುತ್ತಿದ್ದರು. ಅವರು ತೋಡುತ್ತಿದ್ದದ್ದು ಕೆರೆಯನ್ನಲ್ಲ, ಕಾಲುವೆಯನ್ನೂ ಅಲ್ಲ, ಸರಸ್ವತಿ ನದಿಯನ್ನು. ಏಳೆಂಟು ಅಡಿ ಆಳಕ್ಕೆ ಹೋಗುತ್ತಿದ್ದಂತೆ ನೀರು ಒಸರಿತು. ಸರಸ್ವತಿ ಸಿಕ್ಕಳು ಅಂತ ದೇಶದ ತುಂಬ ಸುದ್ದಿಯಾಯಿತು.

ಅದೇ ವರ್ಷ ಹರಿಯಾಣ ಸರ್ಕಾರ ಸರಸ್ವತಿಯ ಹೆಸರಿನಲ್ಲೇ ಒಂದು ಪರಂಪರೆ ಅಭಿವೃದ್ಧಿ ಮಂಡಳಿ ಮಾಡಿತು. 2016ರಲ್ಲಿ ಕೇಂದ್ರ ಜಲ ಸಂಪನ್ಮೂಲ ಸಚಿವಾಲಯದ ತಜ್ಞರ ಸಮಿತಿಯೊಂದು, ಘಗ್ಗರ್-ಹಕ್ರಾ ಎಂದು ಈಗ ಕರೆಯುವ ಒಣ ಪಾತ್ರವೇ ಹಳೆಯ ಸರಸ್ವತಿ ಎಂದು ವರದಿ ಕೊಟ್ಟಿತು. ಸಮಿತಿಯ ಅಧ್ಯಕ್ಷರು ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಇದ್ದ ಭೂವಿಜ್ಞಾನಿ ಕೆ.ಎಸ್. ವಾಲ್ದಿಯಾ. 2024ರಲ್ಲಿ ಬಂದ ಎನ್‌ಸಿಇಆರ್‌ಟಿಯ ಆರನೇ ತರಗತಿಯ ಹೊಸ ಪುಸ್ತಕದಲ್ಲಿ ಸಿಂಧೂ ನಾಗರಿಕತೆಯ ಜೊತೆಗೆ ಸಿಂಧು-ಸರಸ್ವತಿ ಎಂಬ ಹೆಸರೂ ಇದೆ.

ಈ ವಿಷಯ ಸೋಶಿಯಲ್ ಮೀಡಿಯಾಗೆ ಬಂದ ಕೂಡಲೇ ಎರಡೇ ಗುಂಪು. ಇತ್ತು ಅನ್ನೋರು ಒಂದು ಕಡೆ, ಕಟ್ಟುಕತೆ ಅನ್ನೋರು ಇನ್ನೊಂದು ಕಡೆ. ಎರಡೂ ಕಡೆಯವರು 'ವಿಜ್ಞಾನ ಸಾಬೀತು ಮಾಡಿದೆ' ಅಂತಲೇ ವಾದ ಶುರು ಮಾಡ್ತಾರೆ. ಆದರೆ ಸಾವಿರಾರು ವರ್ಷದ ಹಿಂದೆ ಬತ್ತಿಹೋದ ನದಿಯನ್ನು ವಿಜ್ಞಾನ ಹೇಗೆ ವಿಚಾರಿಸುತ್ತೆ? ಮುಗಲ್‌ವಾಲಿಯ ಗುಂಡಿಯಲ್ಲಿ ಒಸರಿದ ನೀರು ಋಗ್ವೇದ ಕಾಲದ್ದೋ, ಹೋದ ವರ್ಷದ ಮಳೆಯದ್ದೋ ಅಂತ ಕಂಡುಹಿಡಿಯೋಕೆ ಆಗುತ್ತಾ?

ಆಗುತ್ತೆ. ಅದಕ್ಕೆ ಬಳಸುವ ಸಾಧನದ ಹೆಸರು ಐಸೋಟೋಪ್. ಅದು ಏನು ಹೇಳಬಲ್ಲದು, ಏನು ಹೇಳಲಾರದು ಅಂತ ಗೊತ್ತಿದ್ದರೆ ಸರಸ್ವತಿಯ ಬಗ್ಗೆ ಮಾತ್ರವಲ್ಲ, ಇವತ್ತಿನ ನೀರು ಮತ್ತು ಗಾಳಿಯ ಬಗ್ಗೆಯೂ ಸರಿಯಾದ ಪ್ರಶ್ನೆ ಕೇಳಬಹುದು.

ಒಂದೇ ಧಾತು, ಬೇರೆ ತೂಕ

ಹೈಸ್ಕೂಲಿನ ಪಾಠ ಒಮ್ಮೆ ನೆನಪಿಸಿಕೊಳ್ಳೋಣ. ಪರಮಾಣುವಿನ ನಡುವೆ ಪ್ರೋಟಾನ್ ಮತ್ತು ನ್ಯೂಟ್ರಾನ್ ಇರುತ್ತವೆ. ಪ್ರೋಟಾನ್ ಎಷ್ಟಿವೆ ಅನ್ನೋದು ಅದು ಯಾವ ಧಾತು ಅಂತ ತೀರ್ಮಾನಿಸುತ್ತದೆ. ಎಂಟು ಪ್ರೋಟಾನ್ ಇದ್ದರೆ ಅದು ಆಮ್ಲಜನಕ, ಅದರಲ್ಲಿ ಮಾತಿಲ್ಲ. ಆದರೆ ನ್ಯೂಟ್ರಾನ್‌ಗಳ ಸಂಖ್ಯೆ ಹೆಚ್ಚುಕಮ್ಮಿ ಆಗಬಹುದು. ಎಂಟು ನ್ಯೂಟ್ರಾನ್ ಇರುವುದು ಆಮ್ಲಜನಕ-16, ಹತ್ತು ಇರುವುದು ಆಮ್ಲಜನಕ-18. ಎರಡೂ ಆಮ್ಲಜನಕವೇ, ಎರಡೂ ನೀರಾಗುತ್ತವೆ, ನಾವು ಎರಡನ್ನೂ ಉಸಿರಾಡುತ್ತೇವೆ. ಒಂದು ಸ್ವಲ್ಪ ಭಾರ, ಅಷ್ಟೇ. ಪ್ರಕೃತಿಯಲ್ಲಿ ಸುಮಾರು 500 ಆಮ್ಲಜನಕ ಪರಮಾಣುಗಳಲ್ಲಿ ಒಂದು ಈ ಭಾರದ್ದು.

ಇಂಥ ಅಣ್ಣತಮ್ಮಂದಿರಿಗೆ ಐಸೋಟೋಪ್ ಎಂದು ಹೆಸರು. ಧಾತುಗಳ ಪಟ್ಟಿಯಲ್ಲಿ ಇವಕ್ಕೆಲ್ಲ ಒಂದೇ ಜಾಗ ಎಂಬ ಅರ್ಥದ ಗ್ರೀಕ್ ಪದಗಳಿಂದ ಬಂದ ಹೆಸರು. 1913ರಲ್ಲಿ ಅದನ್ನು ಬಳಕೆಗೆ ತಂದವರು ರಸಾಯನ ವಿಜ್ಞಾನಿ ಫ್ರೆಡರಿಕ್ ಸಾಡಿ. ಸೂಚಿಸಿದವರು ಅವರ ಪರಿಚಯದ ವೈದ್ಯೆ ಮಾರ್ಗರೆಟ್ ಟಾಡ್.

ಈ ಸಣ್ಣ ತೂಕದ ವ್ಯತ್ಯಾಸದಿಂದ ಎರಡು ಕೆಲಸ ಆಗುತ್ತವೆ.

ಒಂದು, ವಿಳಾಸ. ಬೇರೆ ಬೇರೆ ಬೆಟ್ಟದ ಕಲ್ಲು, ಬೇರೆ ಬೇರೆ ಕಡೆಯ ಮಳೆ, ಬೇರೆ ಬೇರೆ ಇಂಧನದ ಹೊಗೆ, ಇವುಗಳಲ್ಲಿ ಹಗುರ ಮತ್ತು ಭಾರದ ಐಸೋಟೋಪ್‌ಗಳ ಅನುಪಾತ ಬೇರೆ ಬೇರೆ ಇರುತ್ತದೆ. ಅನುಪಾತ ಅಳೆದರೆ ಈ ವಸ್ತು ಎಲ್ಲಿಂದ ಬಂತು ಅಂತ ಊಹಿಸಬಹುದು.

ಎರಡು, ಗಡಿಯಾರ. ಕೆಲವು ಐಸೋಟೋಪ್‌ಗಳು ವಿಕಿರಣಶೀಲ. ಅವು ನಿಗದಿತ ವೇಗದಲ್ಲಿ ಕ್ಷಯಿಸುತ್ತ ಹೋಗುತ್ತವೆ. ಕಾರ್ಬನ್-14 ಅರ್ಧಕ್ಕೆ ಇಳಿಯಲು ಸುಮಾರು 5,730 ವರ್ಷ ಬೇಕು. ಹೈಡ್ರೋಜನ್‌ನ ಭಾರದ ತಮ್ಮ ಟ್ರಿಟಿಯಂಗೆ ಸುಮಾರು 12.3 ವರ್ಷ ಸಾಕು. ಎಷ್ಟು ಉಳಿದಿದೆ ಅಂತ ನೋಡಿದರೆ ಎಷ್ಟು ಕಾಲ ಕಳೆದಿದೆ ಅಂತ ಲೆಕ್ಕ ಸಿಗುತ್ತದೆ.

ಅನುಪಾತ ಅಳೆಯುವ ಯಂತ್ರ ಮಾಸ್ ಸ್ಪೆಕ್ಟ್ರೋಮೀಟರ್. ವಿದ್ಯುದಾವೇಶ ಕೊಟ್ಟ ಪರಮಾಣುಗಳನ್ನು ಅಯಸ್ಕಾಂತದ ನಡುವೆ ವೇಗವಾಗಿ ಹಾಯಿಸುತ್ತಾರೆ. ಹಗುರ ಇರುವುದು ಹೆಚ್ಚು ಬಾಗುತ್ತದೆ, ಭಾರ ಇರುವುದು ಕಡಿಮೆ ಬಾಗುತ್ತದೆ. ಯಾವ ಕಡೆ ಎಷ್ಟು ಬಿದ್ದವು ಅಂತ ಎಣಿಸುತ್ತಾರೆ.

ಮರಳಿನ ವಿಳಾಸ

ಈಗ ಘಗ್ಗರ್ ಪಾತ್ರಕ್ಕೆ ಬರೋಣ. ಘಗ್ಗರ್ ಇವತ್ತು ಶಿವಾಲಿಕ್ ಬೆಟ್ಟಗಳಲ್ಲಿ ಹುಟ್ಟಿ, ಪಂಜಾಬ್-ಹರಿಯಾಣದಲ್ಲಿ ಹರಿದು, ರಾಜಸ್ಥಾನದ ಮರಳಿನ ಕಡೆ ಇಂಗಿಹೋಗುವ ಮಳೆಗಾಲದ ಹೊಳೆ. ಗಡಿಯಾಚೆ ಪಾಕಿಸ್ತಾನದಲ್ಲಿ ಅದರ ಒಣ ಪಾತ್ರಕ್ಕೆ ಹಕ್ರಾ ಎಂದು ಹೆಸರು. ಇಷ್ಟು ಸಣ್ಣ ಹೊಳೆಗೆ ಅಷ್ಟು ಅಗಲದ ಪಾತ್ರ ಯಾಕೆ, ಅದರ ಉದ್ದಕ್ಕೂ ಕಾಲಿಬಂಗನ್, ಬನವಾಲಿಯಂಥ ಇಷ್ಟೊಂದು ಹರಪ್ಪಾ ನೆಲೆಗಳು ಯಾಕೆ? ಒಂದು ಕಾಲದಲ್ಲಿ ಹಿಮ ಕರಗಿದ ನೀರು ಹೊತ್ತ ಸಟ್ಲೆಜ್ ಅಥವಾ ಯಮುನಾ ಇಲ್ಲಿ ಹರಿಯುತ್ತಿತ್ತಾ? ಇದು ನಿಜಕ್ಕೂ ಒಳ್ಳೆಯ ಪ್ರಶ್ನೆ. ರಾಜಕೀಯ ಬರುವ ಮುಂಚೆಯೂ, ಹತ್ತೊಂಬತ್ತನೇ ಶತಮಾನದಿಂದಲೂ ಭೂವಿಜ್ಞಾನಿಗಳು ಇದನ್ನು ಕೇಳುತ್ತಿದ್ದಾರೆ.

ನದಿಯ ನೀರು ಹೋಗಿಬಿಟ್ಟಿದೆ, ಆದರೆ ಅದು ತಂದು ಹಾಕಿದ ಮರಳು ಮತ್ತು ಹೂಳು ನೆಲದೊಳಗೆ ಹಾಗೇ ಇದೆ. ಹಿಮಾಲಯದ ಒಳಭಾಗದ ಎತ್ತರದ ಶಿಲೆಗಳಲ್ಲಿ ಸ್ಟ್ರಾನ್ಷಿಯಂ ಮತ್ತು ನಿಯೋಡಿಮಿಯಂ ಎಂಬ ಧಾತುಗಳ ಐಸೋಟೋಪ್ ಅನುಪಾತ ಒಂದು ರೀತಿ. ಬುಡದ ಶಿವಾಲಿಕ್ ಬೆಟ್ಟಗಳಲ್ಲಿ ಇನ್ನೊಂದು ರೀತಿ. ಬಂಡೆ ಸವೆದು ಮರಳಾದರೂ ಈ ಗುರುತು ಅಳಿಸಿಹೋಗಲ್ಲ. ಅಂದ್ರೆ ಮರಳಿನ ಕಣ ತನ್ನ ತವರಿನ ವಿಳಾಸವನ್ನು ಜೇಬಲ್ಲಿ ಇಟ್ಟುಕೊಂಡೇ ತಿರುಗುತ್ತದೆ.

2004ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇದೇ ಪರೀಕ್ಷೆ ಮಾಡಿತು. ಅದರ ಪ್ರಕಾರ ಘಗ್ಗರ್ ಹೂಳಿನ ವಿಳಾಸ ಬುಡದ ಬೆಟ್ಟಗಳದ್ದು. ಹಿಮನದಿಯಿಂದ ಹುಟ್ಟಿದ ಮಹಾನದಿಯ ಗುರುತು ಅದರಲ್ಲಿ ಕಾಣಲಿಲ್ಲ.

2012ರಲ್ಲಿ ಪೀಟರ್ ಕ್ಲಿಫ್ಟ್ ಮತ್ತು ಸಂಗಡಿಗರು ಇನ್ನೊಂದು ದಾರಿ ಹಿಡಿದರು. ಅವರು ಮರುಭೂಮಿಯ ಅಂಚಿನಲ್ಲಿ ಹೂತುಹೋಗಿದ್ದ ಹಳೆಯ ಪಾತ್ರಗಳ ಮರಳಿನಿಂದ ಜಿರ್ಕಾನ್ ಹರಳುಗಳನ್ನು ಆರಿಸಿದರು. ಜಿರ್ಕಾನ್ ಹುಟ್ಟುವಾಗ ಸ್ವಲ್ಪ ಯುರೇನಿಯಂ ಒಳಗೆ ಸೇರಿಸಿಕೊಳ್ಳುತ್ತದೆ. ಆ ಯುರೇನಿಯಂ ನಿಧಾನವಾಗಿ ಸೀಸವಾಗುತ್ತ ಹೋಗುತ್ತದೆ. ಎರಡನ್ನೂ ಅಳೆದರೆ ಆ ಒಂದೊಂದು ಕಣದ ಜನ್ಮದಿನಾಂಕವೇ ಸಿಗುತ್ತದೆ. ಪ್ರತಿ ನದಿಯ ಮರಳಿನಲ್ಲೂ ಇಂಥ ವಯಸ್ಸುಗಳ ಮಿಶ್ರಣ ಬೇರೆ ಬೇರೆ ಇರೋದರಿಂದ ಅದು ಆ ನದಿಯ ಹೆಬ್ಬೆಟ್ಟಿನ ಗುರುತಿನ ಹಾಗೆ. ಅವರಿಗೆ ಆ ಮರಳಿನಲ್ಲಿ ಯಮುನಾ, ಸಟ್ಲೆಜ್ ಮತ್ತು ಬಿಯಾಸ್‌ನ ಗುರುತು ಸಿಕ್ಕಿತು. ಅಂದ್ರೆ ದೊಡ್ಡ ನದಿಗಳು ಈ ಕಡೆ ಹರಿದಿದ್ದು ನಿಜ. ಆದರೆ ಯಾವಾಗ? ಯಮುನಾ ಈ ಕಡೆಯಿಂದ ಪೂರ್ವಕ್ಕೆ ತಿರುಗಿದ್ದು 49,000 ವರ್ಷಗಳಷ್ಟು ಹಿಂದೆಯೇ ಇರಬಹುದು, ತೀರಾ ಈಚೆಗೆ ಅಂದರೂ 10,000 ವರ್ಷಗಳ ಹಿಂದೆ ಎಂಬುದು ಅವರ ತೀರ್ಮಾನ. ಹರಪ್ಪಾ ನಗರಗಳು ಉಚ್ಛ್ರಾಯದಲ್ಲಿದ್ದದ್ದು ಕ್ರಿಸ್ತಪೂರ್ವ 2600ರಿಂದ 1900ರವರೆಗೆ, ಅಂದರೆ ಇವತ್ತಿಗೆ ಸುಮಾರು 4,600ರಿಂದ 3,900 ವರ್ಷಗಳ ಹಿಂದೆ. ಅಷ್ಟು ಹೊತ್ತಿಗೆ ಯಮುನಾ ಎಂದೋ ಹೋಗಿಯಾಗಿತ್ತು.

2017ರಲ್ಲಿ ಐಐಟಿ ಕಾನ್ಪುರ ಮತ್ತು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡ ಕಾಲಿಬಂಗನ್ ಹತ್ತಿರ ನೆಲ ಕೊರೆದು ಮಣ್ಣಿನ ಪದರಗಳನ್ನು ಮೇಲೆತ್ತಿತು. ಕಣದ ವಿಳಾಸಕ್ಕೆ ಐಸೋಟೋಪ್, ಮರಳು ಕೊನೆಯ ಬಾರಿ ಬಿಸಿಲು ಕಂಡಿದ್ದು ಯಾವಾಗ ಎಂಬುದಕ್ಕೆ ಇನ್ನೊಂದು ವಿಧಾನ, ಎರಡನ್ನೂ ಬಳಸಿತು. ಈ ಪಾತ್ರದಲ್ಲಿ ಹಿಂದೆ ಹರಿದದ್ದು ಸಟ್ಲೆಜ್. ಅದು ದಿಕ್ಕು ಬದಲಿಸಲು ಶುರು ಮಾಡಿದ್ದು ಸುಮಾರು 15,000 ವರ್ಷಗಳ ಹಿಂದೆ, 8,000 ವರ್ಷಗಳ ಹಿಂದಿನ ಹೊತ್ತಿಗೆ ಪೂರ್ತಿ ಬಿಟ್ಟುಹೋಗಿತ್ತು ಎಂದು ಅದು ಹೇಳಿತು. ಹರಪ್ಪಾ ಜನ ಊರು ಕಟ್ಟಿದ್ದು ಮಹಾನದಿಯ ದಡದಲ್ಲಲ್ಲ, ಮಹಾನದಿ ಬಿಟ್ಟುಹೋದ ಕಣಿವೆಯಲ್ಲಿ. ಯೋಚಿಸಿದರೆ ಅದೂ ಅರ್ಥವಾಗುವ ಮಾತೇ. ಪ್ರವಾಹದಲ್ಲಿ ಊರನ್ನೇ ಕೊಚ್ಚಿಕೊಂಡು ಹೋಗುವ ನದಿಗಿಂತ, ಹದವಾದ ಮಣ್ಣು ಮತ್ತು ಮಳೆಗಾಲದ ಹೊಳೆ ಇರುವ ಕಣಿವೆ ಬೇಸಾಯಕ್ಕೆ ಹೆಚ್ಚು ಸುರಕ್ಷಿತ.

ಹಾಗಾದರೆ ಜಗಳ ಎಲ್ಲಿದೆ?

ಇಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. 2019ರಲ್ಲಿ ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯ ಮತ್ತು ಐಐಟಿ ಬಾಂಬೆಯ ವಿಜ್ಞಾನಿಗಳು ಬೇರೆ ಉತ್ತರ ಕೊಟ್ಟರು. ಸ್ಟ್ರಾನ್ಷಿಯಂ-ನಿಯೋಡಿಮಿಯಂ ಗುರುತಿನ ಜೊತೆಗೆ ಅವರು ಬಿಳಿ ಅಭ್ರಕದ ಹರಳುಗಳ ವಯಸ್ಸನ್ನೂ ಅಳೆದರು. ಘಗ್ಗರ್ ಪಾತ್ರದಲ್ಲಿ ಎರಡು ಅವಧಿಗಳಲ್ಲಿ ವರ್ಷವಿಡೀ ನೀರು ಹರಿಯುತ್ತಿತ್ತು ಎಂಬುದು ಅವರ ವಾದ: 80,000ದಿಂದ 20,000 ವರ್ಷಗಳ ಹಿಂದಿನವರೆಗೆ ಒಮ್ಮೆ, 9,000ದಿಂದ 4,500 ವರ್ಷಗಳ ಹಿಂದಿನವರೆಗೆ ಇನ್ನೊಮ್ಮೆ. ಎರಡನೇ ಅವಧಿಯಲ್ಲಿ ಸಟ್ಲೆಜ್‌ನ ಕವಲುಗಳು ನೀರು ತಂದಿರಬೇಕು ಎಂದರು.

ಒಂದೇ ಪಾತ್ರ, ಒಂದೇ ಬಗೆಯ ತಂತ್ರ, ಎರಡು ಉತ್ತರ. ಇದರಿಂದ ವಿಜ್ಞಾನ ಸುಳ್ಳು ಅಂತಾಗಲ್ಲ. ಮರಳು ತೆಗೆದ ಜಾಗ ಬೇರೆ, ಪದರ ಬೇರೆ. ಹಳೆಯ ಮರಳನ್ನೇ ಹೊಸ ಹೊಳೆ ಮತ್ತೆ ಎತ್ತಿ ಮುಂದೆ ಹಾಕಿರಬಹುದು. ಆಗ ವಿಳಾಸ ಹಳೆಯದ್ದೇ ಇರುತ್ತದೆ, ಬಂದ ದಿನಾಂಕ ಮಾತ್ರ ಹೊಸದು. ಇದನ್ನು ಹೇಗೆ ಬಿಡಿಸಬೇಕು ಅನ್ನೋದೇ ವಿಜ್ಞಾನಿಗಳ ನಡುವಿನ ನಿಜವಾದ ಚರ್ಚೆ.

ಈ ಎರಡೂ ಬಣ ಒಪ್ಪುವ ಜಾಗ ಒಂದಿದೆ, ನಮ್ಮ ಟಿವಿ ಚರ್ಚೆಗಳಲ್ಲಿ ಕೇಳಿಸದಿರುವುದು ಅದೇ. ಸುಮಾರು 4,500 ವರ್ಷಗಳಿಂದ ಈಚೆಗೆ, ಅಂದರೆ ಹರಪ್ಪಾ ನಗರಗಳ ಉಚ್ಛ್ರಾಯದ ಬಹುಭಾಗದಲ್ಲಿ, ಘಗ್ಗರ್‌ನಲ್ಲಿ ಹಿಮಾಲಯದ ಹಿಮನೀರು ಹೊತ್ತ ಮಹಾನದಿ ಇತ್ತು ಎಂದು ಈ ಅಧ್ಯಯನಗಳಲ್ಲಿ ಯಾವುದೂ ಹೇಳುವುದಿಲ್ಲ. ಋಗ್ವೇದದ ಸೂಕ್ತಗಳು ರಚನೆಯಾದದ್ದು ಅದಕ್ಕೂ ನೂರಾರು ವರ್ಷ ಈಚೆಗೆ, ಕ್ರಿಸ್ತಪೂರ್ವ 1500ರ ನಂತರ ಎಂಬುದು ಹೆಚ್ಚಿನ ಭಾಷಾತಜ್ಞರ ಅಭಿಪ್ರಾಯ. ಸೂಕ್ತಗಳು ಕೊಂಡಾಡುವ ನದಿಯೂ ಈ ಪಾತ್ರವೂ ಒಂದೇ ಅಂತ ಹೇಳಬೇಕಾದರೆ, ಆ ನಡುವಿನ ಕಾಲವನ್ನು ಹೇಗೆ ದಾಟುತ್ತೀರಿ ಎಂದು ವಿವರಿಸಬೇಕು. ಹಳೆಯ ನೆನಪು ಬಾಯಿಂದ ಬಾಯಿಗೆ ಬಂತು ಎನ್ನಬಹುದು, ಸೂಕ್ತಗಳೇ ಹಳೆಯವು ಎನ್ನಬಹುದು, ಬೇರೆ ನದಿಯ ಹೆಸರು ಇದಕ್ಕೆ ಬಂತು ಎನ್ನಬಹುದು. ಆದರೆ ಇವುಗಳಲ್ಲಿ ಯಾವುದನ್ನೂ ಮಾಸ್ ಸ್ಪೆಕ್ಟ್ರೋಮೀಟರ್ ತೀರ್ಮಾನಿಸುವುದಿಲ್ಲ.

ಐಸೋಟೋಪ್ ಮರಳಿನ ಊರು ಹೇಳುತ್ತೆ. ದಡದಲ್ಲಿ ನಿಂತಿದ್ದವರು ಯಾವ ಭಾಷೆ ಮಾತಾಡುತ್ತಿದ್ದರು, ಯಾವ ದೇವರಿಗೆ ಕೈಮುಗಿಯುತ್ತಿದ್ದರು ಅಂತ ಹೇಳಲ್ಲ. ಪ್ರಯೋಗಾಲಯದ ಒಂದು ಅಂಕಿಯಿಂದ ನೇರವಾಗಿ 'ಹರಪ್ಪಾದವರೇ ವೇದಕಾಲದವರು' ಎಂಬಲ್ಲಿಗೆ ಯಾರಾದರೂ ಹಾರಿದರೆ, ಆ ಹಾರುವಿಕೆ ಅವರದ್ದು, ಅಂಕಿಯದ್ದಲ್ಲ. ಹಾಗೆಯೇ 'ಅಲ್ಲಿ ಎಂದೂ ನದಿಯೇ ಇರಲಿಲ್ಲ' ಅನ್ನೋದೂ ಮರಳಿನ ಸಾಕ್ಷಿಗೆ ವಿರುದ್ಧ.

ಮಳೆ ಕೈಕೊಟ್ಟ ದಾಖಲೆ

ನದಿ ಮಾತ್ರವಲ್ಲ, ಮಳೆಯೂ ಲೆಕ್ಕ ಬಿಟ್ಟುಹೋಗುತ್ತದೆ. ಕೆರೆಯ ನೀರು ಬಿಸಿಲಿಗೆ ಆವಿಯಾಗುವಾಗ ಹಗುರ ಆಮ್ಲಜನಕದ ನೀರು ಮೊದಲು ಹೋಗುತ್ತದೆ, ಭಾರದ್ದು ಹಿಂದೆ ಉಳಿಯುತ್ತದೆ. ಮಳೆ ಚೆನ್ನಾಗಿದ್ದರೆ ಹೊಸ ನೀರು ಬಂದು ಅನುಪಾತ ಸರಿಹೋಗುತ್ತದೆ. ಮಳೆ ಕಮ್ಮಿಯಾದರೆ ಕೆರೆಯಲ್ಲಿ ಭಾರದ ಪಾಲು ಏರುತ್ತ ಹೋಗುತ್ತದೆ. ಆ ಕೆರೆಯಲ್ಲಿ ಬದುಕುವ ಬಸವನಹುಳು ಅದೇ ನೀರಿನಿಂದ ಚಿಪ್ಪು ಕಟ್ಟಿಕೊಳ್ಳುತ್ತದೆ. ಹುಳು ಸತ್ತು ಕೆಸರಲ್ಲಿ ಹೂತರೂ ಆ ವರ್ಷದ ನೀರಿನ ಲೆಕ್ಕ ಚಿಪ್ಪಿನಲ್ಲಿ ಉಳಿದಿರುತ್ತದೆ.

ಹರಿಯಾಣದ ಕೋಟ್ಲಾ ದಹರ್ ಎಂಬ ಹಳೆಯ ಕೆರೆಯ ಪದರಗಳಿಂದ ಇಂಥ ಚಿಪ್ಪುಗಳನ್ನು ತೆಗೆದು ಪರೀಕ್ಷಿಸಿದ ಅಧ್ಯಯನ 2014ರಲ್ಲಿ ಬಂತು. ಸುಮಾರು 4,100 ವರ್ಷಗಳ ಹಿಂದೆ ಮುಂಗಾರು ಇದ್ದಕ್ಕಿದ್ದಂತೆ ದುರ್ಬಲವಾದದ್ದು ಅದರಲ್ಲಿ ಕಂಡಿತು. ಮೇಘಾಲಯದ ಮಾವ್‌ಮ್ಲೂ ಗುಹೆಯಲ್ಲಿ ನೆಲದಿಂದ ಮೇಲಕ್ಕೆ ಬೆಳೆದ ಸುಣ್ಣದ ಕಂಬವೊಂದರ ಪದರಗಳಲ್ಲೂ ಹತ್ತಿರ ಹತ್ತಿರ ಅದೇ ಕಾಲದ ಗುರುತಿದೆ. 2018ರಲ್ಲಿ ಅಂತರರಾಷ್ಟ್ರೀಯ ಭೂವಿಜ್ಞಾನ ಸಂಸ್ಥೆಗಳು 4,200 ವರ್ಷಗಳ ಹಿಂದಿನಿಂದ ಇವತ್ತಿನವರೆಗಿನ ಅವಧಿಗೆ ಮೇಘಾಲಯನ್ ಯುಗ ಎಂದು ಹೆಸರಿಟ್ಟದ್ದು ಈ ಕಂಬವನ್ನೇ ಆಧಾರವಾಗಿಟ್ಟುಕೊಂಡು.

ಹರಪ್ಪಾ ನಗರಗಳು ಖಾಲಿಯಾದದ್ದಕ್ಕೆ ಮಳೆಯೊಂದೇ ಕಾರಣ ಅಂತ ಹೇಳಲು ಬರಲ್ಲ. ಜನ ಒಂದೇ ದಿನದಲ್ಲಿ ನಾಶವಾಗಲಿಲ್ಲ. ದೊಡ್ಡ ಊರು ಬಿಟ್ಟು ಸಣ್ಣ ಊರುಗಳಿಗೆ, ಪೂರ್ವದ ಕಡೆಗೆ ಹರಡಿಕೊಂಡರು. ಆದರೆ ನದಿ ಬತ್ತುವುದು, ಮುಂಗಾರು ಕೈಕೊಡುವುದು ಒಂದು ನಾಗರಿಕತೆಯ ನೆಲೆಯನ್ನೇ ಅಲುಗಾಡಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಬೇಕಿಲ್ಲ.

ನೀರಿನ ಗಡಿಯಾರ

ಮುಗಲ್‌ವಾಲಿಯ ಗುಂಡಿಗೆ ವಾಪಸ್ ಬರೋಣ. ಆ ನೀರಿನ ವಯಸ್ಸನ್ನು ಕೇಳುವುದು ಹೇಗೆ?

1950 ಮತ್ತು 60ರ ದಶಕದಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ ಮತ್ತಿತರ ದೇಶಗಳು ಬಯಲಿನಲ್ಲೇ ಹೈಡ್ರೋಜನ್ ಬಾಂಬ್ ಪರೀಕ್ಷೆ ಮಾಡಿದವು. ಅದರಿಂದ ವಾತಾವರಣಕ್ಕೆ ಅಪಾರ ಟ್ರಿಟಿಯಂ ಸೇರಿತು. 1963ರ ಸುಮಾರಿಗೆ ಉತ್ತರಾರ್ಧ ಗೋಳದ ಮಳೆಯಲ್ಲಿ ಅದು ಸಹಜ ಮಟ್ಟಕ್ಕಿಂತ ನೂರಾರು ಪಟ್ಟು ಏರಿತ್ತು. ಅದೇ ವರ್ಷ ಬಯಲು ಪರೀಕ್ಷೆಗಳನ್ನು ನಿಷೇಧಿಸುವ ಒಪ್ಪಂದ ಆಯಿತು, ಆಮೇಲೆ ಮಟ್ಟ ಇಳಿಯುತ್ತ ಬಂತು. ಶೀತಲ ಸಮರದ ಆ ಹುಚ್ಚಾಟ ಜಲವಿಜ್ಞಾನಿಗಳಿಗೆ ಒಂದು ಗುರುತಿನ ಗೆರೆ ಬಿಟ್ಟುಹೋಯಿತು. ಅಂತರ್ಜಲದಲ್ಲಿ ಟ್ರಿಟಿಯಂ ಅಳೆಯುವಷ್ಟು ಇದ್ದರೆ ಅದರಲ್ಲಿ ಈಚಿನ ದಶಕಗಳ ಮಳೆ ಸೇರಿದೆ ಎಂದರ್ಥ. ಬಹುತೇಕ ಇಲ್ಲವೇ ಇಲ್ಲ ಅಂದರೆ ಅದು 1950ಕ್ಕಿಂತ ಮುಂಚೆ ಇಂಗಿದ ನೀರು. ಅದಕ್ಕೂ ಎಷ್ಟು ಹಿಂದಿನದು ಅಂತ ತಿಳಿಯಲು ನೀರಲ್ಲಿ ಕರಗಿದ ಕಾರ್ಬನ್-14 ಅಳೆಯುತ್ತಾರೆ.

1990ರ ದಶಕದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಜೈಸಲ್ಮೇರ್ ಜಿಲ್ಲೆಯಲ್ಲಿ ಹೂತುಹೋದ ಹಳೆಯ ಪಾತ್ರದ ಉದ್ದಕ್ಕೂ ಬಾವಿಗಳ ನೀರನ್ನು ಹೀಗೆ ಪರೀಕ್ಷಿಸಿದರು. ಟ್ರಿಟಿಯಂ ನಗಣ್ಯ, ಕಾರ್ಬನ್ ಲೆಕ್ಕದಲ್ಲಿ ನೀರಿನ ವಯಸ್ಸು ಸಾವಿರಾರು ವರ್ಷ. ಹಳೆಯ ನದಿಯ ಹಂಬಲ ಇರುವವರಿಗೆ ಇದು ರೋಮಾಂಚನದ ಸುದ್ದಿ. ಆದರೆ ಇದೇ ಅಂಕಿಯನ್ನು ಇನ್ನೊಂದು ಕಡೆಯಿಂದ ಓದಿ: ಆ ನೀರಿಗೆ ಹೊಸ ನೀರು ಸೇರುತ್ತಿಲ್ಲ. ನೆಲದ ಕೆಳಗೆ ಹರಿಯುತ್ತಿರುವ ಗುಪ್ತಗಾಮಿನಿ ಅದಲ್ಲ, ಮುಚ್ಚಿದ ಹಗೇವು. ತೆಗೆದಷ್ಟೂ ಕಮ್ಮಿ, ಮುಗಿದರೆ ಮುಗೀತು.

ಮುಗಲ್‌ವಾಲಿ ಇರುವುದು ಮರುಭೂಮಿಯಲ್ಲಲ್ಲ, ಶಿವಾಲಿಕ್ ಬುಡದಲ್ಲಿ, ಯಮುನಾ ನದಿಯ ಜಿಲ್ಲೆಯಲ್ಲಿ. ಅಲ್ಲಿ ಏಳೆಂಟು ಅಡಿಗೆ ನೀರು ಸಿಗೋದು ಪವಾಡ ಅಲ್ಲ. ಅದು ಪ್ರಾಚೀನ ನದಿಯ ನೀರು ಅನ್ನೋ ಮಾತಿಗೆ ಒಂದು ಟ್ರಿಟಿಯಂ ಪರೀಕ್ಷೆಯ ಫಲಿತಾಂಶವನ್ನಾದರೂ ಪಕ್ಕದಲ್ಲಿಡಿ ಅಂತ ಕೇಳುವುದು ಯಾರ ನಂಬಿಕೆಗೂ ಅವಮಾನವಲ್ಲ.

ಈಗ ಬತ್ತುತ್ತಿರುವ ನದಿ

ನನಗೆ ಈ ಇಡೀ ವಾದದಲ್ಲಿ ಹೆಚ್ಚು ಕಾಡುವುದು ಇದು. 4,000 ವರ್ಷಗಳ ಹಿಂದೆ ಬತ್ತಿದ ನದಿಯ ಬಗ್ಗೆ ಮಂಡಳಿ, ಸಮಿತಿ, ಪಠ್ಯಪುಸ್ತಕ ಎಲ್ಲವೂ ಇವೆ. ಅದೇ ಪಂಜಾಬ್, ಹರಿಯಾಣ, ರಾಜಸ್ಥಾನದ ಕೆಳಗೆ ನಮ್ಮ ಕಣ್ಣೆದುರೇ ಬತ್ತುತ್ತಿರುವ ನೀರಿನ ಬಗ್ಗೆ ಅಷ್ಟು ಆವೇಶ ಇಲ್ಲ.

ನಾಸಾದ ಗ್ರೇಸ್ ಉಪಗ್ರಹಗಳ ಮಾಹಿತಿ ಬಳಸಿದ ಅಧ್ಯಯನವೊಂದು 2009ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. 2002ರ ಆಗಸ್ಟ್‌ನಿಂದ 2008ರ ಅಕ್ಟೋಬರ್‌ವರೆಗೆ ಈ ಮೂರು ರಾಜ್ಯ ಮತ್ತು ದೆಹಲಿ ಸೇರಿ ಕಳೆದುಕೊಂಡ ಅಂತರ್ಜಲ 109 ಘನ ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ ಸುಮಾರು 3,850 ಟಿಎಂಸಿ. ಕೆಆರ್‌ಎಸ್ ಅಣೆಕಟ್ಟು 78 ಸಲ ತುಂಬುವಷ್ಟು ನೀರು, ಆರು ವರ್ಷದಲ್ಲಿ. ಕೇಂದ್ರ ಅಂತರ್ಜಲ ಮಂಡಳಿಯ ಇತ್ತೀಚಿನ ವರ್ಷಗಳ ವರದಿಗಳಲ್ಲೂ, ವರ್ಷಕ್ಕೆ ಎಷ್ಟು ತೆಗೆಯಬಹುದೋ ಅದರ 130%ಗಿಂತ ಹೆಚ್ಚನ್ನು ಈ ಮೂರೂ ರಾಜ್ಯ ತೆಗೆಯುತ್ತಿವೆ. ಪಂಜಾಬ್ 150% ದಾಟಿದೆ.

ಎಷ್ಟು ನೀರು ಹೋಯಿತು ಅಂತ ಉಪಗ್ರಹ ಹೇಳುತ್ತದೆ. ಯಾವ ನೀರು ಹೋಯಿತು ಅಂತ ಹೇಳುವುದು ಐಸೋಟೋಪ್. ಬೋರ್‌ವೆಲ್ ಆಳಕ್ಕೆ ಹೋದಂತೆ ಟ್ರಿಟಿಯಂ ಇಲ್ಲದ ಹಳೆಯ ನೀರು ಬಂದರೆ ನಾವು ಬಡ್ಡಿ ಬಿಟ್ಟು ಅಸಲಿಗೆ ಕೈ ಹಾಕಿದ್ದೇವೆ ಎಂದರ್ಥ. ಆಳದಲ್ಲೂ ಟ್ರಿಟಿಯಂ ಸಿಗತೊಡಗಿದರೆ ಅದೂ ಪೂರ್ತಿ ಒಳ್ಳೆಯ ಸುದ್ದಿಯಲ್ಲ: ಪಂಪುಗಳ ಸೆಳೆತಕ್ಕೆ ಮೇಲಿನ ನೀರು, ಅದರ ಜೊತೆ ಗೊಬ್ಬರ ಮತ್ತು ಕೊಳಚೆ ಕೆಳಗೆ ಇಳಿಯುತ್ತಿರಬಹುದು. ಆ ನೈಟ್ರೇಟ್ ಯೂರಿಯಾದಿಂದ ಬಂದಿದ್ದೋ ಪಟ್ಟಣದ ಚರಂಡಿಯಿಂದ ಬಂದಿದ್ದೋ ಅನ್ನೋದಕ್ಕೂ ಸಾರಜನಕ-15 ಒಂದು ಮಟ್ಟಿಗೆ ಸುಳಿವು ಕೊಡುತ್ತದೆ.

ಇದಕ್ಕೆ ರೈತರನ್ನು ಬೈದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಗೋಧಿ ಬೆಳೆಯುವ ನೆಲದಲ್ಲಿ ಭತ್ತ ಹಾಕಿ ಅಂದದ್ದು ಹಸಿರು ಕ್ರಾಂತಿಯ ನೀತಿ. ಖರೀದಿ ಖಾತ್ರಿ ಕೊಟ್ಟದ್ದು ಭತ್ತ-ಗೋಧಿಗೆ. ಪಂಪಿಗೆ ಪುಕ್ಕಟೆ ಕರೆಂಟ್ ಕೊಟ್ಟದ್ದು ಪಂಜಾಬಿನ ಸರ್ಕಾರಗಳು. ದೇಶದ ಪಡಿತರ ತುಂಬಿದ್ದು ಆ ನೀರಿನಿಂದಲೇ. ಆ ಅಕ್ಕಿಯ ಜೊತೆ ಉಂಡ ನೀರಿನ ಲೆಕ್ಕದಲ್ಲಿ ನಮ್ಮ ಪಾಲೂ ಇದೆ.

ಹೊಗೆ ಯಾರದ್ದು?

2009ರಲ್ಲಿ ಪಂಜಾಬ್ ಮತ್ತು ಹರಿಯಾಣ ಅಂತರ್ಜಲ ಉಳಿಸಲು ಕಾನೂನು ಮಾಡಿ ಭತ್ತದ ನಾಟಿಯನ್ನು ಮುಂಗಾರಿನ ಹತ್ತಿರಕ್ಕೆ ತಳ್ಳಿದವು. ನಾಟಿ ತಡವಾದರೆ ಕಟಾವೂ ತಡ. ಗೋಧಿ ಬಿತ್ತನೆಗೆ ಉಳಿಯುವ ದಿನ ಕಮ್ಮಿ, ಹಾಗಾಗಿ ಕೂಳೆಗೆ ಬೆಂಕಿ. ಆ ಹೊಗೆ ಗಾಳಿ ಬೀಸದ ನವೆಂಬರ್‌ನಲ್ಲಿ ದೆಹಲಿಯ ಮೇಲೆ ಕೂರುತ್ತದೆ. ನೀರಿನ ಕತೆ ಹೀಗೆ ಗಾಳಿಯ ಕತೆಯಾಗುತ್ತದೆ, ಪ್ರತಿ ವರ್ಷ ಅದೇ ಜಗಳ: ರೈತರದ್ದೋ, ಕಾರುಗಳದ್ದೋ?

ಇಲ್ಲೂ ಕಾರ್ಬನ್-14 ಸಾಕ್ಷಿಗೆ ಬರುತ್ತದೆ. ಕಲ್ಲಿದ್ದಲು, ಡೀಸೆಲ್ ಕೋಟಿಗಟ್ಟಲೆ ವರ್ಷ ಹಳೆಯವು. ಅವುಗಳಲ್ಲಿ ಕಾರ್ಬನ್-14 ಎಂದೋ ಮುಗಿದಿದೆ. ಭತ್ತದ ಕೂಳೆ, ಸೌದೆ, ಬೆರಣಿ ಈಚಿನ ಗಿಡಗಳಿಂದ ಬಂದದ್ದು. ಅವುಗಳಲ್ಲಿ ಅದು ಇನ್ನೂ ಇದೆ. ದೆಹಲಿಯ ಮಸಿಯನ್ನು ಹೀಗೆ ಅಳೆದ ಅಧ್ಯಯನವೊಂದು 2019ರಲ್ಲಿ ಬಂತು. ಶರತ್ಕಾಲ ಮತ್ತು ಚಳಿಗಾಲದಲ್ಲಿ ಮಸಿಯ ಸುಮಾರು 42% ಜೈವಿಕ ವಸ್ತು ಸುಟ್ಟದ್ದು, ಬೇಸಿಗೆಯಲ್ಲಿ ಸುಮಾರು 17%. ಅಂದ್ರೆ ಗ್ರಾಮಾಂತರದ ಹೊಗೆ ಸಣ್ಣದಲ್ಲ. ಆದರೆ ಚಳಿಗಾಲದಲ್ಲೂ ಅರ್ಧಕ್ಕಿಂತ ಹೆಚ್ಚು ಮಸಿ ಪೆಟ್ರೋಲ್, ಡೀಸೆಲ್, ಕಲ್ಲಿದ್ದಲಿನದ್ದು, ಬೇಸಿಗೆಯಲ್ಲಂತೂ ಬಹುಪಾಲು ಅದೇ. ಇನ್ನೊಂದು ಮಾತು: ಕೂಳೆಯ ಹೊಗೆಯನ್ನೂ ಚಳಿಗೆ ಹಚ್ಚಿದ ಸೌದೆಯ ಹೊಗೆಯನ್ನೂ ಕಾರ್ಬನ್-14 ಬೇರೆ ಮಾಡಲಾರದು. ಆ 42% ಪೂರ್ತಿ ರೈತರ ತಲೆಗೆ ಕಟ್ಟುವ ಹಾಗಿಲ್ಲ.

ಇಡೀ ಭೂಮಿಯ ಮಟ್ಟದಲ್ಲೂ ಇದೇ ಪರೀಕ್ಷೆ ನಡೆದಿದೆ. ವಾತಾವರಣದ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಹಳೆಯ, ಕಾರ್ಬನ್-14 ಇಲ್ಲದ ಇಂಗಾಲ ಬೆರೆಯುತ್ತಿದೆ ಎಂದು ಹಾನ್ಸ್ ಸ್ಯೂಸ್ 1955ರಲ್ಲೇ ಮರದ ಬಳೆಗಳಿಂದ ತೋರಿಸಿದ್ದರು. ಏರುತ್ತಿರುವ ಕಾರ್ಬನ್ ನಮ್ಮ ಚಿಮಣಿಗಳದ್ದು ಎಂಬುದಕ್ಕೆ ಇದು ಇವತ್ತಿಗೂ ಬಲವಾದ ಸಾಕ್ಷಿಗಳಲ್ಲಿ ಒಂದು.

ನಮ್ಮ ಬೋರ್‌ವೆಲ್‌ಗಳನ್ನು ಕೇಳೋಣ

ಇದು ಉತ್ತರ ಭಾರತದ ಸಮಾಚಾರ ಅಂತ ಬಿಡೋ ಹಾಗಿಲ್ಲ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳಿವೆ. ನಮ್ಮದು ಗಟ್ಟಿ ಕಲ್ಲಿನ ನೆಲ, ನೀರು ಇರೋದು ಬಂಡೆಯ ಬಿರುಕುಗಳಲ್ಲಿ. ಆ ಆಳದ ನೀರು ನಮ್ಮ ತಾತಂದಿರ ಕಾಲದ್ದೋ, ಅದಕ್ಕೂ ತುಂಬಾ ಹಿಂದಿನದ್ದೋ? 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಬಾವಿಗಳಲ್ಲಿ ನೀರು ಏರಿದರೆ ಅದು ಕೆರೆಯಿಂದ ಇಂಗಿದ್ದೋ, ಆ ವರ್ಷದ ಮಳೆಯದ್ದೋ? ಆವಿಯಾದ ಕೆರೆಯ ನೀರಿಗೂ ನೇರ ಇಂಗಿದ ಮಳೆ ನೀರಿಗೂ ಐಸೋಟೋಪ್ ಅನುಪಾತ ಬೇರೆ ಇರುತ್ತದೆ. ಸರಿಯಾಗಿ ಮಾದರಿ ತೆಗೆದರೆ ಬಿಡಿಸಿ ಹೇಳಬಹುದು. ಇದು ಪರ-ವಿರೋಧದ ಘೋಷಣೆಗಳಿಂದ ಬಗೆಹರಿಯುವ ಪ್ರಶ್ನೆ ಅಲ್ಲ, ಅಳತೆಯಿಂದ ಬಗೆಹರಿಯುವಂಥದ್ದು.

ಹಾಗಂತ ಐಸೋಟೋಪ್ ಅಂದ ಕೂಡಲೇ ತಲೆಬಾಗಬೇಕಿಲ್ಲ. ಇನ್ನು ಮುಂದೆ ಯಾರಾದರೂ 'ಐಸೋಟೋಪ್ ಪರೀಕ್ಷೆಯಲ್ಲಿ ಸಾಬೀತಾಗಿದೆ' ಅಂದಾಗ ಮೂರು ಮಾತು ಕೇಳಿ. ಮಾದರಿ ತೆಗೆದದ್ದು ಎಲ್ಲಿ, ಎಷ್ಟು ಕಡೆ? ಅಳೆದದ್ದು ವಿಳಾಸವನ್ನೋ, ವಯಸ್ಸನ್ನೋ? ಅಂಕಿಗೂ ನೀವು ಹೇಳುತ್ತಿರುವ ತೀರ್ಮಾನಕ್ಕೂ ನಡುವೆ ಎಷ್ಟು ದೂರ ಇದೆ?

ಮಾಸ್ ಸ್ಪೆಕ್ಟ್ರೋಮೀಟರ್ ಯಾವ ಪಕ್ಷಕ್ಕೂ ಸೇರಿದ್ದಲ್ಲ. ಆದರೆ ಅದರ ಮುಂದೆ ಯಾವ ಮರಳು ಇಡಬೇಕು, ಯಾವ ಬಾವಿಯ ನೀರು ಇಡಬೇಕು ಅಂತ ತೀರ್ಮಾನಿಸುವುದು ಅನುದಾನ ಕೊಡುವವರು, ಅಂದರೆ ಸರ್ಕಾರಗಳು. ಬತ್ತಿದ ನದಿಯನ್ನು ಹುಡುಕಲು ಹಣ ಇದೆ ಅಂದರೆ, ಬತ್ತುತ್ತಿರುವ ಬಾವಿಯ ವಯಸ್ಸು ಕೇಳುವುದಕ್ಕೂ ಇರಬೇಕು. ತಾಲ್ಲೂಕಿಗೆ ಹತ್ತು ಬೋರ್‌ವೆಲ್‌ನ ನೀರು ಪರೀಕ್ಷಿಸಿ ಫಲಿತಾಂಶವನ್ನು ಗ್ರಾಮ ಪಂಚಾಯ್ತಿಯ ಗೋಡೆಗೆ ಹಚ್ಚಿ ಅಂತ ನಾವು ಕೇಳಬಹುದು. ಆ ನೀರು ಕುಡಿಯುತ್ತಿರುವವರಿಗೆ ಅದರ ವಯಸ್ಸು ತಿಳಿಯುವ ಹಕ್ಕಿದೆ.